ಗರಿ ನೆನೆದರೆ ಗುರಿ ತಪ್ಪೀತು

ಮಳೆ ನಿಂತ ಮೇಲೆ ವಿದ್ಯುತ್ ತಂತಿಯ ಮೇಲೆ ಕುಳಿತ ಕಾಗೆಯನ್ನು ನೀವೆಲ್ಲರೂ ನೋಡಿರಬಹುದು. ಅದು ಮೊದಲು ಮೈ ಕೊಡವುತ್ತದೆ. ಆಮೇಲೆ ರೆಕ್ಕೆಯ ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಸವರುತ್ತದೆ. ಒದ್ದೆಯಾಗಿ ಕೆದರಿದ ಗರಿಯನ್ನು ಹಾರಾಟಕ್ಕೆ ಮತ್ತೆ ಸಜ್ಜುಗೊಳಿಸುವ ಕೆಲಸವದು. ಇದೇ ಕೆಲಸವನ್ನು ಬೆಂಕಿಯ ಬಳಿ ಕುಳಿತು ಬೆರಳುಗಳಿಂದ ಮಾಡುತ್ತಿದ್ದ ಬೇಟೆಗಾರನೊಬ್ಬನಿದ್ದ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಯಾಹಿ ಎಂಬ ಬುಡಕಟ್ಟಿನ ಕೊನೆಯ ಮನುಷ್ಯನಾತ. ಹೆಸರು ಇಶಿ.

1848ರಲ್ಲಿ ಆ ಸೀಮೆಯಲ್ಲಿ ಚಿನ್ನ ಸಿಕ್ಕಿದ ಮೇಲೆ ವಲಸಿಗರು ಹಿಂಡುಹಿಂಡಾಗಿ ಬಂದರು. ಯಾಹಿ ಜನರನ್ನು ಗುಂಪುಗುಂಪಾಗಿ ಕೊಂದರು. ಬದುಕುಳಿದ ಕೆಲವೇ ಮಂದಿ ಕಣಿವೆಗಳಲ್ಲಿ ಅಡಗಿ ಕಾಲ ಕಳೆದರು. 1908ರಲ್ಲಿ ಭೂಮಾಪಕರ ತಂಡವೊಂದು ಅವರ ಗುಡಿಸಲುಗಳಿಗೆ ಬಂದು, ಬಿಲ್ಲು ಬಾಣ ಕಂಬಳಿಗಳನ್ನೆಲ್ಲ ನೆನಪಿನ ವಸ್ತುಗಳೆಂದು ಹೊತ್ತೊಯ್ದಿತು. ಅಷ್ಟಕ್ಕೇ ಆ ಪುಟ್ಟ ಕುಟುಂಬ ಚದುರಿತು. ಒಂಟಿಯಾಗಿ ಉಳಿದ ಇಶಿ 1911ರ ಆಗಸ್ಟ್ 29ರಂದು ಓರೊವಿಲ್ ಪಟ್ಟಣದ ಅಂಚಿನಲ್ಲಿ ಹಸಿದು ಕಂಗಾಲಾಗಿ ಕಾಣಿಸಿಕೊಂಡ. ತನ್ನ ನಿಜವಾದ ಹೆಸರನ್ನು ಆತ ಯಾರಿಗೂ ಹೇಳಲಿಲ್ಲ. ‘ಇಶಿ’ ಎಂದರೆ ಆತನ ಭಾಷೆಯಲ್ಲಿ ‘ಮನುಷ್ಯ’ ಎಂದಷ್ಟೇ ಅರ್ಥ.

ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ ಆತನ ಮನೆಯಾಯಿತು. ಪಕ್ಕದ ವೈದ್ಯಕೀಯ ಶಾಲೆಯ ಶಸ್ತ್ರವೈದ್ಯ ಸ್ಯಾಕ್ಸ್ಟನ್ ಪೋಪ್ ಆತನ ಆರೋಗ್ಯ ನೋಡಿಕೊಳ್ಳುತ್ತಿದ್ದ. ದಿನ ಕಳೆದಂತೆ ವೈದ್ಯನೇ ಶಿಷ್ಯನಾಗಿಬಿಟ್ಟ. ಬಿಲ್ಲು ಮಾಡುವುದು, ಬಾಣಕ್ಕೆ ಗರಿ ಕಟ್ಟುವುದು, ಗುರಿ ಹಿಡಿಯುವುದು ಎಲ್ಲವನ್ನೂ ಇಶಿಯಿಂದ ಕಲಿತ.

ಇಶಿ ಬಾಣದ ಹಿಂತುದಿಗೆ ಹದ್ದು, ಗಿಡುಗಗಳಂಥ ಹಕ್ಕಿಗಳ ಮೂರು ಗರಿ ಸೀಳುಗಳನ್ನು ಜಿಂಕೆಯ ನರದ ಎಳೆಯಿಂದ ಬಿಗಿಯುತ್ತಿದ್ದ. ಗರಿ ಏಕೆ ಬೇಕು? ಹಾರುವ ಬಾಣದ ಬಾಲ ಅತ್ತಿತ್ತ ಹೊರಳಿದರೆ ಗಾಳಿ ಗರಿಯನ್ನು ಒತ್ತಿ ಅದನ್ನು ಮತ್ತೆ ನೇರಕ್ಕೆ ತರುತ್ತದೆ. ಮೂರು ಗರಿಗಳೂ ಹಕ್ಕಿಯ ಒಂದೇ ಬದಿಯ ರೆಕ್ಕೆಯವಾದರೆ ಬಾಣ ತಿರುಗುತ್ತ ಸಾಗಿ ಇನ್ನಷ್ಟು ಸ್ಥಿರವಾಗುತ್ತದೆ.

ಮಳೆ ಬಂದಾಗ ಈ ವ್ಯವಸ್ಥೆ ಕೆಡುತ್ತದೆ. ಗರಿಯ ನಡುದಿಂಡಿನಿಂದ ನೂರಾರು ಎಳೆಗಳು ಹೊರಟಿರುತ್ತವೆ. ಪ್ರತಿ ಎಳೆಗೂ ಕವಲೆಳೆಗಳು, ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು. ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದಲೇ ಗರಿ ಒಂದು ಹಾಳೆಯಂತಿರುತ್ತದೆ. ನೀರು ಒಳಹೊಕ್ಕರೆ ಎಳೆಗಳು, ನೆನೆದ ತಲೆಗೂದಲಿನಂತೆ, ಗೊಂಚಲು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಕೊಕ್ಕೆಗಳು ಬಿಡುತ್ತವೆ. ಗರಿ ಬಾಣದ ಕಡ್ಡಿಗೆ ಮೆತ್ತಿಕೊಂಡು ಗಾಳಿಗೆ ಒಡ್ಡುವ ಹರವು ಕುಗ್ಗುತ್ತದೆ. ಹಿಂತುದಿಯ ತೂಕವೂ ಹೆಚ್ಚುತ್ತದೆ. ಗರಿ ಕಟ್ಟಿದ ನರದ ಎಳೆಯೂ ತೇವಕ್ಕೆ ಸಡಿಲವಾಗುತ್ತದೆ. ಅಂಥ ಬಾಣ ಓಲಾಡುತ್ತ ಹೋಗಿ ಗುರಿ ತಪ್ಪುತ್ತದೆ, ಇಲ್ಲವೆ ಪ್ರಾಣಿಯನ್ನು ಕೊಲ್ಲದೆ ನರಳಿಸುತ್ತದೆ. ಬೇಟೆಯನ್ನೇ ನಂಬಿ ಬದುಕುವವನಿಗೆ ಅಂದು ಉಪವಾಸ.

ಇದಕ್ಕೆ ಇಶಿ ಏನು ಮಾಡುತ್ತಿದ್ದ? ಗರಿಗೆ ಕೊಬ್ಬನ್ನಾಗಲಿ ಅಂಟನ್ನಾಗಲಿ ಬಳಿಯುತ್ತಿರಲಿಲ್ಲವೆಂದು ಪೋಪ್ ಬರೆದಿದ್ದಾನೆ. ಮಳೆಯಲ್ಲಿ ಬಾಣಗಳ ಮೇಲೆ ಜಿಂಕೆ ಚರ್ಮ ಹೊದಿಸುತ್ತಿದ್ದ. ಅದಿಲ್ಲದಿದ್ದರೆ ನೆನೆದ ಗರಿಗಳನ್ನು ಬೆರಳಿನಿಂದ ಸವರಿ ನೇರ ಮಾಡಿ ಬೆಂಕಿಯ ಹತ್ತಿರ ಒಣಗಿಸುತ್ತಿದ್ದ. ಸರಳವಾಗಿ ಕಂಡರೂ ಇದರ ಹಿಂದೆ ವಿಜ್ಞಾನವಿದೆ. ಗರಿ ನಮ್ಮ ಉಗುರು, ಕೂದಲುಗಳಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಹದವಾದ ಶಾಖಕ್ಕೆ ತೇವ ಆರಿ ಅದು ಮೊದಲಿನ ಆಕಾರಕ್ಕೆ ಬರುತ್ತದೆ. ಸವರಿದಾಗ ಕೊಕ್ಕೆಗಳು ಮತ್ತೆ ಕೂಡಿಕೊಳ್ಳುತ್ತವೆ. ಬೆಂಕಿಗೆ ತೀರ ಹತ್ತಿರ ಹಿಡಿದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಅಷ್ಟೆ! ಕೊಕ್ಕೆ, ಕೆರಾಟಿನ್‌ಗಳ ಹೆಸರು ಇಶಿಗೆ ತಿಳಿದಿರಲಿಲ್ಲ. ಅವುಗಳ ಗುಣ ಮಾತ್ರ ಬೆರಳಿಗೆ ತಿಳಿದಿತ್ತು.

ಇಂದು ನೀರು ಹೀರದ ಪ್ಲಾಸ್ಟಿಕ್ ಗರಿಗಳಿವೆ. ಆದರೂ ಹಳೆಯ ಮಾದರಿಯ ಬಿಲ್ಲು ಹಿಡಿಯುವವರು ಹಕ್ಕಿಯ ಗರಿಯನ್ನು ಬಿಟ್ಟಿಲ್ಲ. ಅಂಥ ಬಿಲ್ಲಿನಲ್ಲಿ ಬಾಣ ಕೈಗೋ ಮರಕ್ಕೋ ಉಜ್ಜಿಕೊಂಡೇ ಹೊರಡುತ್ತದೆ. ಗಡುಸು ಪ್ಲಾಸ್ಟಿಕ್ ತಗುಲಿದರೆ ಬಾಣದ ದಿಕ್ಕು ಕೆಡುತ್ತದೆ. ಗರಿಯಾದರೆ ಬಾಗಿ ದಾರಿ ಬಿಡುತ್ತದೆ. ಆದ್ದರಿಂದ ಅವರೂ ಮಳೆಯಲ್ಲಿ ಗರಿಗಳಿಗೆ ಪ್ಲಾಸ್ಟಿಕ್ ಚೀಲ ಹೊದಿಸುತ್ತಾರೆ, ನೀರು ತಡೆಯುವ ಪುಡಿ ಸವರುತ್ತಾರೆ. ಇಶಿಯ ಜಿಂಕೆ ಚರ್ಮದ ಉಪಾಯವೇ ಬೇರೆ ರೂಪದಲ್ಲಿ ಉಳಿದಿದೆ.

1914ರಲ್ಲಿ ಇಶಿ ತನ್ನ ಹಳೆಯ ಕಾಡಿಗೆ ಪೋಪ್‌ನನ್ನೂ ಆತನ ಎಳೆಯ ಮಗನನ್ನೂ ವಿದ್ವಾಂಸರಿಬ್ಬರನ್ನೂ ಕರೆದೊಯ್ದ. ಎರಡು ವರ್ಷ ಕಳೆಯುವುದರೊಳಗೆ, 1916ರ ಮಾರ್ಚ್ 25ರಂದು, ಕ್ಷಯರೋಗದಿಂದ ತೀರಿಕೊಂಡ. ಯಾಹಿ ಭಾಷೆ ಮಾತನಾಡುವವರು ಅಂದಿಗೆ ಇಲ್ಲವಾದರು. ಆತ ಕಲಿಸಿದ್ದನ್ನು ಪೋಪ್ 1918ರಲ್ಲಿ ಪ್ರಬಂಧವಾಗಿ, 1923ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಒಬ್ಬ ವೈದ್ಯ ಕಲಿಯಲು ಕುಳಿತದ್ದರಿಂದ ಒಂದು ಜನಾಂಗದ ವಿದ್ಯೆಯಲ್ಲಿ ಅಷ್ಟಾದರೂ ಉಳಿಯಿತು.

ಮಕ್ಕಳೇ, ಅಂಗಳದಲ್ಲಿ ಕೋಳಿಯ ಗರಿಯೊಂದು ಸಿಕ್ಕರೆ ನೀರಿನಲ್ಲಿ ಅದ್ದಿ ಎಳೆಗಳನ್ನು ಕೆದರಿ ನೋಡಿ. ನೆರಳಿನಲ್ಲಿ ಆರಿಸಿ, ಬುಡದಿಂದ ತುದಿಗೆ ಮೆಲ್ಲಗೆ ಸವರಿ. ಬಿಟ್ಟ ಕೊಕ್ಕೆಗಳು ಕೂಡಿ ಗರಿ ಮತ್ತೆ ಹಾಳೆಯಾಗುವುದು ಕಾಣುತ್ತದೆ. ಆಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಅವರ ಕೈಗೆ ಗೊತ್ತಿರುವ ಒಂದು ಕೆಲಸವನ್ನು ಈ ರಜೆಯಲ್ಲೇ ಕೇಳಿ ಕಲಿತುಕೊಳ್ಳಿ.