ಸ್ವೀಡನ್ನಿನ ಬಸ್ಸೂ ನಮ್ಮಣ್ಣನ ಷೆಡ್ಡೂ

ಹೊಸಕೋಟೆಯೆಂದೊಡನೆ ಬೆಂಗಳೂರಿನ ಗೆಳೆಯರಿಗೆ ಬೆಳಗಿನ ಜಾವದ ಬಿರಿಯಾನಿ ನೆನಪಾಗುತ್ತದೆ. ನನಗೆ ನೆನಪಾಗುವುದು ಬಸ್ಸು. ಸ್ವೀಡನ್ ದೇಶದ ವೋಲ್ವೋ ಕಂಪನಿಯವರು 1998ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಲಾರಿಯ ಕಾರ್ಖಾನೆಯನ್ನು ತೆರೆದರು. 2001ರಿಂದ ಬಸ್ಸೂ ಬಂದಿತು. ತಣ್ಣಗಿರುವ ಬಸ್ಸಿಗೆಲ್ಲ ಜನ ‘ವೋಲ್ವೋ’ ಎಂದೇ ನಾಮಕರಣ ಮಾಡಿಬಿಟ್ಟಿದ್ದಾರೆ. ಅದರಲ್ಲಿ ನಾನು ಕುಳಿತದ್ದು ಒಂದೇ ಸಲ, ಅದೂ ಟಿಕೆಟ್ಟಿನ ದರ ವಿಚಾರಿಸದೆ ಹತ್ತಿದ ತಪ್ಪಿಗೆ.

ಅರ್ಥಶಾಸ್ತ್ರದ ತರಗತಿಯಲ್ಲಿ ಈ ವರ್ಷ ಯೂರೋಪಿನ ಕೈಗಾರಿಕೆಗಳನ್ನು ಕುರಿತು ನಾನು ಮಾತನಾಡಬೇಕಾಯಿತು. ಎರಡು ಮಹಾಯುದ್ಧಗಳಲ್ಲಿ ಬಡಿದಾಡಿದ ಫ್ರಾನ್ಸ್ ಜರ್ಮನಿಗಳು 1951ರಲ್ಲಿ ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗುಗಳೊಡನೆ ಕೂಡಿ ಕಲ್ಲಿದ್ದಲು ಮತ್ತು ಉಕ್ಕಿಗೆ ಒಂದೇ ಮಾರುಕಟ್ಟೆ ಮಾಡಿಕೊಳ್ಳಲು ಒಪ್ಪಂದಕ್ಕೆ ಸಹಿ ಹಾಕಿದವು. ಉಸ್ತುವಾರಿಯನ್ನು ಆರರಲ್ಲಿ ಯಾವ ಸರ್ಕಾರಕ್ಕೂ ಬಿಡದೆ ಬೇರೊಂದು ಮಂಡಲಿಗೆ ವಹಿಸಿದವು. ಕೂಡಿದರೆಂದು ಪೈಪೋಟಿಯನ್ನೇನೂ ಬಿಡಲಿಲ್ಲ. ವೋಲ್ವೋ ತನ್ನ ನಾಡಿನದೇ ಆದ ಸ್ಕ್ಯಾನಿಯಾವನ್ನು ಕೊಳ್ಳಹೊರಟಾಗ, 2000ದಲ್ಲಿ, ಯೂರೋಪಿಯನ್ ಆಯೋಗವು ಕೂಡದೆಂದಿತು. ಹದಿನಾಲ್ಕು ವರ್ಷ ಒಳಗೊಳಗೇ ಬೆಲೆಯ ಮಾತಾಡಿಕೊಂಡಿದ್ದರೆಂದು 2016ರಲ್ಲಿ ಲಾರಿ ತಯಾರಕರ ಮೇಲೆ ಸುಮಾರು 293 ಕೋಟಿ ಯೂರೋ ದಂಡ ಬಿದ್ದಿತು. ವೋಲ್ವೋ ಕೂಡ ಅದರಲ್ಲಿ ಸೇರಿತ್ತು.

ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಅಣ್ಣ ಊಟಕ್ಕೆ ಕುಳಿತಿದ್ದ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಕಲಿತವನು. ಪಿಲ್ಲಗುಂಪೆಯಲ್ಲಿ ಎರಡು ಲೇತುಗಳ ಷೆಡ್ಡನ್ನು ನಡೆಸುತ್ತಾನೆ. ಅಮ್ಮನ ಅರ್ಧ ಎಕರೆ ರಾಗಿ ಹೊಲ ಅದರ ಸಾಲಕ್ಕೆ ಅಡವಾಗಿದೆ. ಕಳೆದ ವರ್ಷ ದೊಡ್ಡ ಕಾರ್ಖಾನೆಯೊಂದು ಅವನ ಮಾಲನ್ನು ಹಿಂದಕ್ಕೆ ಕಳಿಸಿತು. ಮಾಲು ಕೆಟ್ಟಿರಲಿಲ್ಲ, ಮಿಲಿಮೀಟರಿನ ಸಾವಿರದ ಭಾಗಗಳನ್ನು ಅಳೆದು ಬರೆದುಕೊಡುವ ಯಂತ್ರ ಅವನಲ್ಲಿರಲಿಲ್ಲ. ಅಕ್ಕಪಕ್ಕದ ನಾಲ್ಕು ಷೆಡ್ಡಿನವರಲ್ಲೂ ಇಲ್ಲ. ಒಬ್ಬರ ಕೈಗೆಟುಕುವ ಬೆಲೆಯೂ ಅದಕ್ಕಿಲ್ಲ. ಹೀಗಿದ್ದೂ ಐವರೂ ಒಂದೇ ಕೆಲಸಕ್ಕೆ ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತ, ಕೂಲಿಯೂ ಹುಟ್ಟದಂತೆ ಮಾಡಿಕೊಂಡಿದ್ದರು.

“ಲೋ, ಆ ಮಂಡಲಿ ವಿಷಯ ಇನ್ನೊಂದ್ಸಲ ಓದು” ಎಂದ.

ಓದಿದೆ. ಅನ್ನದ ಮೇಲೆ ಕೈಯಿಟ್ಟುಕೊಂಡೇ ಕೇಳಿದ. “ದರ ಅವರವರದು, ಅಳತೆ ಯಂತ್ರ ಮಾತ್ರ ಎಲ್ಲರದು. ಹಂಗೆ ಆಗಬಹುದಲ್ವೇನೋ?”

“ಮೊದಲು ಉಣ್ಣಪ್ಪ, ಸಾರು ಆರಿಹೋಯ್ತು” ಎಂದಳು ಅಮ್ಮ. ಹೊಲದ ಮಾತನ್ನು ಅವಳು ಎಂದೂ ಎತ್ತುವುದಿಲ್ಲ. ಎತ್ತದಿರುವುದೇ ನಮಗೆ ಹೆಚ್ಚು ಭಾರವಾಗಿದೆ.

ತರಗತಿಯಲ್ಲಿ ನನ್ನ ಭಾಷಣಕ್ಕೆ ಚಪ್ಪಾಳೆ ಸಿಕ್ಕಿತು. ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಯೂರೋಪಿನವರು ಯಾರೂ ಎದುರಿಗಿರಲಿಲ್ಲವಷ್ಟೆ. ಅಣ್ಣನ ಕೆಲಸ ಅಷ್ಟು ಸಲೀಸಲ್ಲ. ಭಾನುವಾರ ಷೆಡ್ಡಿನೆದುರು ಚಹಾ ತರಿಸಿ ನಾಲ್ವರನ್ನೂ ಕರೆದ. ಮೂವರು ಬಂದರು. ತಲಾ ಎಷ್ಟು ಹಾಕಬೇಕು, ಯಾರ ಸರದಿ ಯಾವ ದಿನ ಎಂದು ನನ್ನ ನೋಟ್ ಪುಸ್ತಕದಲ್ಲೇ ಬರೆದುಕೊಂಡೆವು. ನಾಲ್ಕನೆಯವರು ಬರಲಿಲ್ಲ, ಹುಡುಗನ ಕೈಲಿ ಹೇಳಿಕಳಿಸಿದ್ದರು: “ಯಂತ್ರ ಇಡೋ ಕೋಣೆ ಬೀಗದ ಕೈ ಯಾರ ಹತ್ರ ಇರ್ತದೆ, ಅದನ್ನ ಮೊದಲು ಹೇಳಿ.”

ಅಣ್ಣ ನನ್ನ ಮುಖ ನೋಡಿದ.