ದೀಪವಿಲ್ಲದ ಊರುಗಳಲ್ಲಿ

ನಮ್ಮ ನಾಡಿನ ಕಂದಾಯದ ಲೆಕ್ಕಪತ್ರಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಒಂದು ಮಾತುಂಟು. ಚಿರಾಗ್ ಎಂದರೆ ಪಾರಸಿ ಭಾಷೆಯಲ್ಲಿ ದೀಪ. ಬೇಚರಾಕ್ ಎಂದರೆ ದೀಪ ಹಚ್ಚುವವರಿಲ್ಲದ ಊರು. ಹೆಸರೂ ಎಲ್ಲೆಕಟ್ಟೂ ಉಳಿದಿದ್ದು, ಸಂಜೆ ಸೊಡರು ಹೊತ್ತಿಸುವ ಒಂದು ಮನೆಯೂ ಇಲ್ಲದ ಇಂತಹ ಊರುಗಳನ್ನು ಅಮೆರಿಕದವರು ‘ಭೂತದ ಊರು’ ಎಂದು ಕರೆಯುವರು. ಕ್ಯಾಲಿಫೋರ್ನಿಯದ ಪೂರ್ವದಂಚಿನಲ್ಲಿರುವ ಅಂತಹ ಊರುಗಳನ್ನು ಕಾಣಲು, ಲೋಹಶೋಧಕ ಯಂತ್ರಗಳೊಡನೆ ಹೊರಟ ಒಂಬತ್ತು ಮಂದಿಯ ತಂಡದಲ್ಲಿ ನಾನೂ ಒಬ್ಬನಾಗಿದ್ದೆನು.

ಈ ಯಂತ್ರವನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ನಮ್ಮಲ್ಲಿ ನಿಧಿಯನ್ನು ಅರಸುವವರು ಅಂಜನ ಹಾಕಿ ನೋಡುವರೆಂಬ ಮಾತುಂಟಷ್ಟೆ. ಇದರಲ್ಲಿ ಅಂಜನವೂ ಇಲ್ಲ, ಮಂತ್ರವೂ ಇಲ್ಲ. ಉದ್ದನೆಯ ಕೋಲಿನ ತುದಿಯಲ್ಲಿ ತಟ್ಟೆಯಂತಹ ಒಂದು ತಂತಿಯ ಸುರುಳಿಯಿರುತ್ತದೆ. ಅದರಲ್ಲಿ ವಿದ್ಯುತ್ತು ಹರಿದಾಗ ಸುತ್ತಲೂ ಕಾಂತಕ್ಷೇತ್ರವು ಉಂಟಾಗುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳೆದ್ದು, ಅವುಗಳ ಪ್ರಭಾವವು ಯಂತ್ರಕ್ಕೆ ತಗುಲಿ, ಕಿವಿಗೆ ಸದ್ದಾಗಿ ಕೇಳಿಸುತ್ತದೆ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಇಂತಹದೇ ಸಾಧನವನ್ನು ರಚಿಸಿದ್ದರು. ಗುಂಡು ಸಿಕ್ಕಲಿಲ್ಲ, ಅಧ್ಯಕ್ಷರೂ ಉಳಿಯಲಿಲ್ಲ; ಆದರೆ ಆ ವಿದ್ಯೆಯು ಉಳಿಯಿತು.

ನಾವು ಮೊದಲು ಕಂಡುದು ಬೋಡಿ ಎಂಬ ಊರನ್ನು. ಸಮುದ್ರಮಟ್ಟದಿಂದ 8,300 ಅಡಿಗೂ ಮಿಗಿಲಾದ ಬೋಳು ಬೆಟ್ಟಗಳ ನಡುವೆ ಅದಿದೆ. ಕೊನೆಯ ಮೂರು ಮೈಲಿ ಕಲ್ಲುಮಣ್ಣಿನ ಹಾದಿ. 1859ರಲ್ಲಿ ಬೋಡಿ ಎಂಬಾತನು ಇಲ್ಲಿ ಚಿನ್ನವನ್ನು ಕಂಡು, ಅದರ ಸುಖವನ್ನು ಉಣ್ಣುವ ಮೊದಲೇ ಹಿಮದ ಬಿರುಗಾಳಿಗೆ ಸಿಕ್ಕಿ ಸತ್ತನು. ಹದಿನೇಳು ಹದಿನೆಂಟು ವರ್ಷಗಳ ತರುವಾಯ ದೊಡ್ಡ ಅದುರು ದೊರೆತು, 1880ರ ಹೊತ್ತಿಗೆ ಸಾವಿರಾರು ಮಂದಿ ಬಂದು ನೆಲಸಿದರು. ಅದುರು ತೀರುತ್ತಲೇ ಜನರೂ ಕರಗಿದರು. 1932ರ ಬೆಂಕಿಯು ಊರಿನ ಬಹುಭಾಗವನ್ನು ನುಂಗಿತು. 1962ರಲ್ಲಿ ಸಂಸ್ಥಾನದ ಸರ್ಕಾರವು ಉಳಿದುದನ್ನು ಚಾರಿತ್ರಿಕ ಉದ್ಯಾನವನ್ನಾಗಿ ಮಾಡಿಕೊಂಡಿತು. ಅಂದಿನಿಂದ ಮನೆಗಳನ್ನು ಹೊಸದಾಗಿ ಕಟ್ಟುವುದೂ ಇಲ್ಲ, ಬೀಳಗೊಡುವುದೂ ಇಲ್ಲ. ಕಿಟಕಿಯಿಂದ ಇಣಿಕಿದರೆ ಮೇಜಿನ ಮೇಲೆ ಪಾತ್ರೆ, ಅಂಗಡಿಯ ಗೂಡಿನಲ್ಲಿ ಡಬ್ಬಿಗಳು, ಶಾಲೆಯಲ್ಲಿ ಮಕ್ಕಳ ಮಣೆಗಳು ಧೂಳು ಹೊದ್ದು ಇದ್ದಂತೆಯೇ ಇವೆ.

ಇಲ್ಲಿ ಲೋಹಶೋಧಕವನ್ನು ಹಿಡಿಯಲಾಗದು. ಒಂದು ಮೊಳೆಯನ್ನೂ ಒಯ್ಯಲಾಗದು. ನಮ್ಮ ಯಂತ್ರಗಳು ಗಾಡಿಯಲ್ಲಿಯೇ ಇದ್ದುವು. ಬೋಡಿಯ ವಸ್ತುವನ್ನು ಕದ್ದವರಿಗೆ ಕೇಡು ತಪ್ಪದೆಂಬ ನಂಬಿಕೆಯೊಂದು ಹಬ್ಬಿದೆ. ಮೊಳೆಯನ್ನೋ ಗಾಜಿನ ಚೂರನ್ನೋ ಕೊಂಡೊಯ್ದವರು, ಮನೆಯಲ್ಲಿ ಕಷ್ಟಗಳು ಬಂದುವೆಂದು ಹೆದರಿ, ಕ್ಷಮೆ ಬೇಡಿ ಪತ್ರ ಬರೆದು ಅವುಗಳನ್ನು ಅಂಚೆಯಲ್ಲಿ ಹಿಂದಿರುಗಿಸಿರುವುದುಂಟು. ಶಾಪವು ನಿಜವೋ ಸುಳ್ಳೋ, ಭಯವು ಕಾವಲುಗಾರನ ಕೆಲಸವನ್ನು ಮಾಡುತ್ತಿದೆ.

ಕಾವಲಿಲ್ಲದಿದ್ದರೆ ಏನಾಗುವುದೆಂಬುದನ್ನು ಮರುದಿನ ಅರೋರದಲ್ಲಿ ಕಂಡೆವು. ಇದು ಬೋಡಿಗೆ ಸಮೀಪದಲ್ಲಿ, ನೆವಾಡದ ಎಲ್ಲೆಯೊಳಗಿದೆ. ಎಲ್ಲೆಯು ಇನ್ನೂ ನಿಶ್ಚಯವಾಗದಿದ್ದ 1863ರಲ್ಲಿ ಇದು ಎರಡು ಪ್ರಾಂತಗಳಿಗೂ ಜಿಲ್ಲೆಯ ಕಸಬೆಯಾಗಿತ್ತು! ಮಾರ್ಕ್ ಟ್ವೇನನೆಂದು ಮುಂದೆ ಲೋಕಪ್ರಸಿದ್ಧನಾದ ಸಾಮ್ಯುಅಲ್ ಕ್ಲೆಮೆನ್ಸನು 1862ರಲ್ಲಿ ಇಲ್ಲಿ ಅದೃಷ್ಟವನ್ನು ಅರಸಿ, ಕೂಲಿಯನ್ನೂ ಮಾಡಿ, ಬರಿಗೈಯಲ್ಲಿ ಹೊರಟನು. ಇಟ್ಟಿಗೆಯ ಕಟ್ಟಡಗಳಿಂದ ಮೆರೆದ ಈ ಪಟ್ಟಣದಲ್ಲಿ ಈಗ ನೆಟ್ಟಗೆ ನಿಂತ ಮನೆಯೇ ಇಲ್ಲ. ಎರಡನೆಯ ಮಹಾಯುದ್ಧದ ತರುವಾಯ ಜನರು ಬಹುಪಾಲು ಕಟ್ಟಡಗಳನ್ನು ಕೆಡವಿ ಇಟ್ಟಿಗೆಗಳನ್ನು ಹೇರಿಕೊಂಡು ಹೋದರು. ಈಗ ಸರ್ಕಾರದ ನೆಲದಲ್ಲಿ ನೂರು ವರ್ಷಕ್ಕೆ ಮೇಲ್ಪಟ್ಟ ಪ್ರಾಚೀನ ಅವಶೇಷಗಳಿಗೆ 1979ರ ಕಾಯಿದೆಯ ರಕ್ಷಣೆಯುಂಟು. ಆದಕಾರಣ ಅಲ್ಲಿಯೂ ನಾವು ಯಂತ್ರವನ್ನು ಹೊರತೆಗೆಯಲಿಲ್ಲ.

ಮೂರನೆಯ ದಿನ, ಹಿಂದೆ ಗಣಿಗಳಿಗೆ ಹೋಗುವ ಬಂಡಿಗಳು ತಂಗುತ್ತಿದ್ದ ಒಂದು ಹುಲ್ಲುಗಾವಲಿನಲ್ಲಿ, ಜಮೀನಿನ ಒಡತಿಯ ಒಪ್ಪಿಗೆ ಪಡೆದು ಹುಡುಕಿದೆವು. ಆಕೆಯ ಕಟ್ಟಳೆ ಮೂರು: ತೋಡಿದ ಗುಳಿಯನ್ನು ಮುಚ್ಚಬೇಕು, ಸಿಕ್ಕಿದುದನ್ನೆಲ್ಲ ಮೊದಲು ತನಗೆ ತೋರಿಸಬೇಕು, ಸಿಕ್ಕಿದ ಸ್ಥಳವನ್ನು ಚೀಟಿಯಲ್ಲಿ ಬರೆದಿಡಬೇಕು. ಬೆಳಗಿನಿಂದ ಸಂಜೆಯವರೆಗೆ ಒಂಬತ್ತು ಯಂತ್ರಗಳು ಕೂಗಿದುವು. ದೊರೆತುದು ಚೌಕನಾದ ಹಳೆಯ ಮೊಳೆಗಳು, ಕುದುರೆಯ ಲಾಳ, ತುಪಾಕಿಯ ಖಾಲಿ ತೋಟಾಗಳು, ತುಕ್ಕು ಹಿಡಿದ ಡಬ್ಬಿಗಳು. ಚಿನ್ನದ ಒಂದು ಗುಲಗಂಜಿಯೂ ಇಲ್ಲ.

ಹೊತ್ತು ಇಳಿಯುವಾಗ ನಮ್ಮಲ್ಲೊಬ್ಬರಿಗೆ, ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಲೋಹದ ಪುಟ್ಟ ಟೋಪಿಯು ಸಿಕ್ಕಿತು. ಅದು ಬಲು ಕಿರಿದು. ಹೆಂಗಸಿನದೋ, ಕಸೂತಿ ಕಲಿಯುತ್ತಿದ್ದ ಹುಡುಗಿಯದೋ ಆಗಿರಬೇಕು. ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕಂಡವರಿಗೆ ಅದನ್ನು ಇರಿಸಿಕೊಳ್ಳಬೇಕೆಂಬ ಆಸೆಯಾದುದು ಸಹಜವೇ. ಒಡತಿಯು ಮಾತ್ರ ತಲೆಯಲ್ಲಾಡಿಸಿದಳು: “ಇಲ್ಲಿದ್ದರೆ ಇದು ಬಂಡಿ ಬಿಟ್ಟು ರಾತ್ರಿ ತಂಗಿದ ಒಬ್ಬ ಹೆಂಗಸಿನ ಗುರುತು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇದು ಬರಿಯ ತಗಡು.” ಅದನ್ನು ಕಂಡವರು ಮರುಮಾತಾಡದೆ ಚೀಟಿ ಬರೆದುಕೊಟ್ಟರು.

ಹಾಳು ಗುಡಿಗಳ ಪೀಠವನ್ನು ನಿಧಿಯಾಸೆಯಿಂದ ಅಗೆದು ಕೆಡಿಸುವವರು ನಮ್ಮ ನಾಡಿನಲ್ಲಿಯೂ ಇಲ್ಲದಿಲ್ಲ. ಅವರಿಗೆ ಹೊನ್ನು ಸಿಕ್ಕುವುದು ಅಪರೂಪ. ಆ ಸ್ಥಳವು ಹೇಳಬಹುದಾಗಿದ್ದ ಸಂಗತಿಯಂತೂ ಮತ್ತೆಂದಿಗೂ ಸಿಕ್ಕದು. ಗಣಿಗಳ ಲೆಕ್ಕದಲ್ಲಿ ಚಿನ್ನದ ತೂಕವನ್ನು ಬರೆದಿಟ್ಟವರುಂಟು; ಗಂಡನ ಅಂಗಿಗೆ ತೇಪೆ ಹಾಕಿದವಳ ಸಂಗತಿಯನ್ನು ಬರೆದವರು ವಿರಳ. ಅದನ್ನು ಹೇಳುವುದಕ್ಕೆ ಮಣ್ಣಿನಲ್ಲಿ ಬಿದ್ದ ಇಂತಹ ಚಿಕ್ಕ ವಸ್ತುವೂ, ಅದು ಬಿದ್ದಿದ್ದ ಜಾಗವೂ ಎರಡೂ ಬೇಕು. ದೀಪವಾರಿದ ಊರಿಗೆ ಹೋಗುವವರು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು.