ಊರವರ ದುಡ್ಡು

ನಾನು ಸೇರಿಕೊಂಡಾಗ ನಮ್ಮ ಕಂಪನಿಗೆ ಇನ್ನೂ ಬೋರ್ಡು ಬಂದಿರಲಿಲ್ಲ. ಪ್ರೈವೇಟ್ ಇಕ್ವಿಟಿ ಎಂದರೆ ಆಕ್ಲೆಂಡ್ ಪೇಟೆಯ ನಡುಮಧ್ಯೆ, ಕಿಟಕಿಯಿಂದ ಬಂದರು ಕಾಣುವ ಗಾಜಿನ ಕಟ್ಟಡದಲ್ಲಿ ಇರಬೇಕಾದ ವ್ಯವಹಾರ. ನಮ್ಮದು ಹಾರ್ಬರ್ ಬ್ರಿಡ್ಜ್ ದಾಟಿ ಉತ್ತರಕ್ಕೆ, ಆಲ್ಬನಿಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲ್ಮಹಡಿ. ಬಾಡಿಗೆ ಕಮ್ಮಿ ಎನ್ನುವುದು ಕಾರಣ. ಬರುವವರಿಗೆ ಮಾತ್ರ ಕಾರು ನಿಲ್ಲಿಸಲು ಧಾರಾಳ ಜಾಗವಿದೆ ಎನ್ನುತ್ತಿದ್ದೆವು. ಇಬ್ಬರು ಪಾಲುದಾರರು, ವಾರಕ್ಕೆರಡು ದಿನ ಬರುವ ಲೆಕ್ಕಿಗರೊಬ್ಬರು, ಮತ್ತೆ ಅನಲಿಸ್ಟ್ ಎಂಬ ಹೆಸರಿನ ನಾನು. ಎಕ್ಸೆಲ್ ಹಾಳೆ ನನ್ನದು, ಪ್ರಿಂಟರಿನ ಶಾಯಿ ನನ್ನದು, ಹಾಲು ಮುಗಿದರೆ ಅಂಗಡಿಗೆ ಓಡುವುದೂ ನನ್ನದೇ.

ಆಲ್ಬನಿಗೆ ನನ್ನನ್ನು ತಂದದ್ದು ಮ್ಯಾಸಿ ವಿಶ್ವವಿದ್ಯಾಲಯ. 1993ರಲ್ಲಿ ಅದು ಇಲ್ಲಿ ಕ್ಯಾಂಪಸ್ ತೆರೆದಾಗ ಸುತ್ತ ಹುಲ್ಲುಗಾವಲೇ ಹೆಚ್ಚು. ನಾನು ಓದಲು ಬರುವಷ್ಟರಲ್ಲಿ ಮಾಲು, ಸ್ಟೇಡಿಯಂ, ಬಸ್ಸಿಗೇ ಮೀಸಲಾದ ರಸ್ತೆ ಎಲ್ಲವೂ ಬಂದಾಗಿತ್ತು. ಹಿಂದೆ ಈ ಊರಿನ ಹೆಸರು ಲ್ಯೂಕಸ್ ಕ್ರೀಕ್. ಹಣ್ಣಿನ ತೋಟಗಳು ಹಬ್ಬಿದ ಮೇಲೆ, 1890ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಇನ್ನೊಂದು ಹಣ್ಣಿನೂರಿನ ಹೆಸರನ್ನು ಎರವಲು ತಂದು ಇಟ್ಟುಕೊಂಡರು. 'ಆಲ್ಬನಿ ಸರ್ಪ್ರೈಸ್' ಎಂಬ ಕಪ್ಪು ದ್ರಾಕ್ಷಿ ಹುಟ್ಟಿದ್ದು ಇಲ್ಲಿಯೇ. ಈಗ ತೋಟಗಳಿದ್ದ ನೆಲದ ಮೇಲೆ ನಮ್ಮಂಥವರು ಕೂತು ಫಲ ಬರುವ ಮೊದಲೇ ಫಸಲಿನ ಲೆಕ್ಕ ಹಾಕುತ್ತೇವೆ.

ಕೆಲಸ ಎಂತದ್ದು ಎಂದು ಅಪ್ಪ ಉಡುಪಿಯಿಂದ ಫೋನಿನಲ್ಲಿ ಕೇಳಿದರು. ಬೇರೆಯವರ ದುಡ್ಡು ಒಟ್ಟು ಮಾಡಿ, ಚಿಕ್ಕ ಕಂಪನಿಗಳನ್ನು ಕೊಂಡು, ಐದಾರು ವರ್ಷ ಬೆಳೆಸಿ, ಮಾರಿ, ದುಡ್ಡನ್ನು ಲಾಭದ ಜೊತೆ ಹಿಂದೆ ಕೊಡುವುದು ಎಂದೆ. "ಹಾಗಾದ್ರೆ ಪಿಗ್ಮಿಯೇ ಅಲ್ವಾ ಮಾರಾಯ?" ಎಂದರು.

ಅವರಿಗೆ ಹಾಗನ್ನಿಸುವುದು ಸಹಜ. ನನ್ನ ಅಜ್ಜ ಪಿಗ್ಮಿ ಕಲೆಕ್ಟರ್. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಮೂವರು ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ದುಡ್ಡು ಒದಗಿಸುವುದು ಅದರ ಮೊದಲ ಉದ್ದೇಶ. ಮೂರು ವರ್ಷದ ನಂತರ, 1928ರಲ್ಲಿ, ಪಿಗ್ಮಿ ಬಂತು: ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಅಜ್ಜನ ಕಾಲಕ್ಕೆ ಅದು ಸಿಂಡಿಕೇಟ್ ಬ್ಯಾಂಕ್ ಆಗಿತ್ತು. 2020ರ ಏಪ್ರಿಲ್ ಒಂದರಿಂದ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಮೀನು ಮಾರುವವರು, ಹೋಟೆಲಿನವರು, ಬೀಡಿ ಕಟ್ಟುವವರು, ಯಾರ ಕೈಯಲ್ಲಿ ಎಷ್ಟು ಹೊತ್ತಿಗೆ ಕಾಸು ಇರುತ್ತದೆ ಎಂಬುದು ಅಜ್ಜನಿಗೆ ಬಾಯಿಪಾಠ. ಯಾರಾದರೂ ಕೊಡದಿದ್ದರೆ ಮನೆಯಲ್ಲಿ ಜ್ವರವೋ ಎಂದು ಕೇಳಿಕೊಂಡು ಬರುತ್ತಿದ್ದರಂತೆ.

ನಮ್ಮ ಕಸುಬಿನವರು ಹೇಳಿಕೊಳ್ಳುವ ವಂಶಾವಳಿ ಬೇರೆ. ಅದು ಬಾಸ್ಟನ್ನಿನಲ್ಲಿ 1946ರಿಂದ ಶುರುವಾಗುತ್ತದೆ. ಜಾರ್ಜ್ ಡೋರಿಯೊ ಮತ್ತು ಗೆಳೆಯರು ಅಮೆರಿಕನ್ ರಿಸರ್ಚ್ ಆ್ಯಂಡ್ ಡೆವಲಪ್‌ಮೆಂಟ್ ಎಂಬ ಸಂಸ್ಥೆ ಹುಟ್ಟುಹಾಕಿ, 1957ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಹೊಸ ಕಂಪ್ಯೂಟರ್ ಕಂಪನಿಗೆ 70,000 ಡಾಲರ್ ಹಾಕಿದರು. ಅದು ನೂರಾರು ಪಟ್ಟು ಬೆಳೆಯಿತು. ಆಮೇಲೆ 1976ರಲ್ಲಿ ಕೆಕೆಆರ್ ಎಂಬ ಸಂಸ್ಥೆ. ಸಾಲ ಮಾಡಿ ಕಂಪನಿ ಕೊಳ್ಳುವ ಭರಾಟೆ. ನೇಬಿಸ್ಕೊ ಎಂಬ ಕಂಪನಿಗಾಗಿ ನಡೆದ ಸುಮಾರು 2,500 ಕೋಟಿ ಡಾಲರಿನ ಕಾಳಗ. ಕೂಲಿಯ ಲೆಕ್ಕವೂ ಆ ಹೊತ್ತಿಗೆ ರೂಢಿಯಾಯಿತು: ವರ್ಷಕ್ಕೆ ಶೇಕಡಾ 2 ನಿರ್ವಹಣೆಗೆ, ಲಾಭ ಬಂದರೆ ಅದರಲ್ಲಿ ಶೇಕಡಾ 20. ಅಜ್ಜನ ಕಮಿಷನ್ನಿಗೆ ಇದನ್ನು ಹೋಲಿಸಿದರೆ ಅಪ್ಪನಿಗೆ ಸಂಕಟವಾದೀತೆಂದು ಹೇಳಿಲ್ಲ.

ಹೊಸ ಸಂಸ್ಥೆಯ ಕಷ್ಟವೆಂದರೆ ತೋರಿಸಲು ಹಿಂದಿನ ಸಾಧನೆ ಇರುವುದಿಲ್ಲ. ಮೊದಲ ಫಂಡು ಯಾವಾಗಲೂ ಮುಖ ನೋಡಿ ಕೊಡುವ ದುಡ್ಡು. ನಾನು ಮಾಡಿದ ಸ್ಲೈಡುಗಳನ್ನು ಯಾರೂ ಪೂರ್ತಿ ಓದಿದ್ದು ಕಾಣೆ. ಹಿರಿಯ ಪಾಲುದಾರರು ಮೊದಲು ಎಲ್ಲಿದ್ದರು, ಅಲ್ಲಿಂದ ಹೇಗೆ ಹೊರಟರು ಎಂದಷ್ಟೇ ವಿಚಾರಿಸುತ್ತಿದ್ದರು.

ಕಂಪನಿ ಕೊಳ್ಳುವ ಮೊದಲು ಅದರ ನಿಜವಾದ ಲಾಭ ಎಷ್ಟೆಂದು ಕಂಡುಹಿಡಿಯುವುದು ಅನಲಿಸ್ಟನ ಪಾಲಿನ ರಸಗವಳ. ಇಲ್ಲಿಯ ಸಂಸಾರದ ಉದ್ದಿಮೆಗಳಲ್ಲಿ ಯಜಮಾನರ ದೋಣಿಯ ಡೀಸೆಲ್ ಕಂಪನಿಯ ಖರ್ಚಿನಲ್ಲಿ ಅಡಗಿ ಕೂತಿರುತ್ತದೆ. ಅದು ವ್ಯಾಪಾರದ ಖರ್ಚಲ್ಲ, ಆದ್ದರಿಂದ ಲಾಭಕ್ಕೆ ವಾಪಸ್ ಕೂಡಿಸಬೇಕು. ಹೆಂಡತಿ ವರ್ಷಗಟ್ಟಲೆ ಸಂಬಳವಿಲ್ಲದೆ ಬಿಲ್ಲು ಬರೆದಿರುತ್ತಾರೆ. ನಾಳೆ ಆ ಕುರ್ಚಿಗೆ ಇನ್ನೊಬ್ಬರು ಬೇಕು, ಅವರ ಸಂಬಳ ಕಳೆಯಬೇಕು. ಕೂಡಿ ಕಳೆದು ಬಂದದ್ದನ್ನು ನಾಲ್ಕರಿಂದಲೋ ಐದರಿಂದಲೋ ಗುಣಿಸಿದರೆ ಬೆಲೆ. ಅಂದರೆ ದೋಣಿಗೆ ಸುರಿದ ಒಂದು ಡಾಲರು ಬೆಲೆಯಲ್ಲಿ ಐದು ಡಾಲರಾಗುತ್ತದೆ. ಇದು ತಿಳಿದ ಕೂಡಲೇ, ತೆರಿಗೆಯವರ ಮುಂದೆ ಬಾಯಿ ಬಿಡದ ಯಜಮಾನರು ನನ್ನ ಮುಂದೆ ಮೀನಿನ ಗಾಳದವರೆಗೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ. ಹೆಂಡತಿಯ ಸಂಬಳದ ಮಾತು ಬಂದಾಗ ಮಾತ್ರ, "ಅವಳದ್ದೇನು ಮಹಾ ಕೆಲಸ" ಎನ್ನುತ್ತಾರೆ.

ಬೆಲೆ ತಪ್ಪಿದರೆ ಯಾರದ್ದು ಹೋಗುತ್ತದೆ ಎನ್ನುವುದಕ್ಕೆ ಈ ದೇಶದಲ್ಲೇ ಪಾಠವಿದೆ. 2007ರಲ್ಲಿ ಟೆಲಿಕಾಂ ಸಂಸ್ಥೆ ತನ್ನ ಯೆಲ್ಲೋ ಪೇಜಸ್ ವ್ಯವಹಾರವನ್ನು 224 ಕೋಟಿ ನ್ಯೂಜಿಲೆಂಡ್ ಡಾಲರಿಗೆ ಮಾರಿತು. ಕೊಂಡದ್ದು ಸಿಸಿಎಂಪಿ ಎಂಬ ಪ್ರೈವೇಟ್ ಇಕ್ವಿಟಿ ಸಂಸ್ಥೆ ಮತ್ತು ಕೆನಡಾದ ಒಂಟಾರಿಯೋ ಪ್ರಾಂತದ ಶಿಕ್ಷಕರ ಪಿಂಚಣಿ ನಿಧಿ. ಸ್ಟೀವ್ ಜಾಬ್ಸ್ ಐಫೋನ್ ಎತ್ತಿ ತೋರಿಸಿದ್ದೂ ಅದೇ ವರ್ಷ! ದಪ್ಪ ಹಳದಿ ಪುಸ್ತಕದಲ್ಲಿ ಪ್ಲಂಬರನನ್ನು ಹುಡುಕುವವರು ಕಡಿಮೆಯಾದರು, ಸಾಲ ಉಳಿಯಿತು, ಕೆಲವೇ ವರ್ಷಗಳಲ್ಲಿ ಕಂಪನಿ ಸಾಲ ಕೊಟ್ಟವರ ಕೈಗೆ ಹೋಯಿತು. ಆ ಲೆಕ್ಕದ ಹಾಳೆ ತಯಾರಿಸಿದ ಅನಲಿಸ್ಟರಿಗೆ ಒಂಟಾರಿಯೋದ ಒಬ್ಬ ಮೇಷ್ಟರ ಮುಖವಾದರೂ ನೆನಪಿಗೆ ಬಂದಿತ್ತೋ ಇಲ್ಲವೋ. ಅಜ್ಜನಿಗಾದರೆ ಮರುದಿನ ಬೆಳಿಗ್ಗೆ ಅದೇ ಬಾಗಿಲಿಗೆ ಹೋಗಬೇಕಿತ್ತು.

ಕಿವಿಸೇವರ್ ಶುರುವಾದದ್ದೂ ಅದೇ 2007ರ ಜುಲೈಯಲ್ಲಿ. ಸಂಬಳ ಕೈಗೆ ಬರುವ ಮೊದಲೇ ಒಂದು ಪಾಲು ಮುಪ್ಪಿಗೆಂದು ಮುರಿದುಕೊಳ್ಳುವ ಯೋಜನೆ. ಬಾಗಿಲಿಗೆ ಯಾರೂ ಬರುವುದಿಲ್ಲ ಎನ್ನುವುದೊಂದು ಬಿಟ್ಟರೆ ಪಿಗ್ಮಿಯ ಹತ್ತಿರದ ನೆಂಟ. ಈಚೆಗೆ ಕೆಲವು ಕಿವಿಸೇವರ್ ಫಂಡುಗಳು ನಮ್ಮಂಥ ವ್ಯವಹಾರಕ್ಕೂ ಒಂದಿಷ್ಟು ಹಾಕತೊಡಗಿವೆ. ಹಾಗಾಗಿ ನಾನು ದಿನಾ ಹತ್ತುವ ಬಸ್ಸಿನ ಡ್ರೈವರನ ದುಡ್ಡೂ ನಮ್ಮಂಥವರ ಹಾಳೆಯೊಳಗೆ ಎಲ್ಲೋ ಇದ್ದೀತು.

ಹೀಗೆ ಯೋಚಿಸುವ ಹೊತ್ತಿಗೆ ಪಕ್ಕದ ರೋಸ್‌ಡೇಲಿನಲ್ಲಿ ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಯೊಂದು ಮಾರಾಟಕ್ಕೆ ಬಂತು. ಯಜಮಾನರಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಮರದ ಧೂಳು ಬೇಕಿರಲಿಲ್ಲ. ನಮ್ಮ ಪಾಲುದಾರರು ಅರ್ಧ ಗಂಟೆ ಮಾತಾಡಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ಯಾರ ದುಡ್ಡು? ಪಿಂಚಣಿ ನಿಧಿಗಳು, ಕೆಲವು ಕುಟುಂಬಗಳು ಎಂದು ನಮ್ಮವರು ಶುರುಮಾಡಿದರು. "ನಮ್ಮ ಹುಡುಗರ ಕಿವಿಸೇವರೂ ಇದೆಯೋ?" ಎಂದು ಅವರು ಗರಗಸದ ಕಡೆ ಕೈ ತೋರಿಸಿದರು. ಇರಬಹುದು ಎಂದೆ. ಅವರು ಪೂರ್ತಿ ಮಾರಲಿಲ್ಲ. ಒಂದು ಪಾಲು ತಮ್ಮಲ್ಲೇ ಇಟ್ಟುಕೊಂಡರು. ಹೆಂಡತಿಯ ಸಂಬಳವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಬೆಲೆ ಸ್ವಲ್ಪ ಇಳಿಯಿತು, ಆಯಮ್ಮನಿಗೆ ಅದೊಂದೇ ಖುಷಿಯ ವಿಷಯ. ಈಗ ತಿಂಗಳ ಮೊದಲ ಸೋಮವಾರ ಯಜಮಾನರು ಫೋನು ಮಾಡಿ ಅಂಕಿಸಂಖ್ಯೆ ಕೇಳುತ್ತಾರೆ. ಪಾಲುದಾರರು ಎತ್ತುವುದಿಲ್ಲ, ನನ್ನ ಕೈಕೆಳಗೆ ಇನ್ನೂ ಯಾರೂ ಇಲ್ಲ. ಹಾಗಾಗಿ ನಾನೇ ಹೇಳುತ್ತೇನೆ.